ನಡುಗೋಡೆ ತೆಗೆದ ಮೇಲೆ

ಜೋಳದ ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ಒಬ್ಬ ಹೆಣ್ಣುಮಗಳು ದಣಿಯದೆ ಎಷ್ಟು ದೂರ ನಡೆಯಬಲ್ಲಳೋ, ನಮ್ಮ ಕಡೆಯ ಊರುಗಳ ಅಳತೆಯೂ ಅಷ್ಟೇ ಎಂದು ನನಗೆ ಬಹಳ ಸಲ ಅನ್ನಿಸಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಇವುಗಳಲ್ಲಿ ಯಾವುದನ್ನು ಹಳ್ಳಿಯೆಂದರೂ ಅಲ್ಲಿಯವರು ಒಪ್ಪುವುದಿಲ್ಲ. ನಗರವೆಂದರೆ ಹೊರಗಿನವರು ನಗುತ್ತಾರೆ. ಇಂಥ ನಡುಗಾತ್ರದ ಊರು ಪೆಟ್ಟು ತಿಂದಾಗ ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ನೀವು ಕೇಳಿದರೆ ನನ್ನ ಬಳಿ ಸಿದ್ಧಾಂತವೇನೂ ಇಲ್ಲ. ನಮ್ಮ ಅಕ್ಕನ ಗಿರಣಿಯ ಸಂಗತಿ ಮಾತ್ರ ಇದೆ.

ನಾನು ಶಿಗ್ಗಾಂವಿಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ಅಕ್ಕ ಗಂಗವ್ವನದು ಹಾನಗಲ್ಲಿನ ಪೇಟೆ ಬೀದಿಯಲ್ಲಿ ಹಿಟ್ಟಿನ ಗಿರಣಿ. ಪಕ್ಕದ ಮಳಿಗೆಯಲ್ಲಿ ಸವಣೂರಿನಿಂದ ಸೊಸೆಯಾಗಿ ಬಂದ ಸಾಬಿರಾ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ರಸ್ತೆ ಅಗಲ ಮಾಡುವ ಮಾತು ವರ್ಷಗಳಿಂದ ಇತ್ತು. ಒಂದು ದಿನ ಗೋಡೆಗಳ ಮೇಲೆ ಕೆಂಪು ಗೆರೆ ಬಂತು, ಆಮೇಲೆ ಕೆಡವುವ ಯಂತ್ರ ಬಂತು, ಬೀದಿಯ ಅಂಗಡಿಗಳೆಲ್ಲ ಮುಂದಿನ ಅರ್ಧವನ್ನು ರಸ್ತೆಗೆ ಬಿಟ್ಟುಕೊಟ್ಟು ಹಿಂದಿನ ಅರ್ಧದಲ್ಲಿ ಉಳಿದವು. ಬಸ್ಸಿಗೆ, ಆಂಬುಲೆನ್ಸಿಗೆ ದಾರಿ ಬೇಕಿತ್ತು, ಅದರಲ್ಲಿ ತಪ್ಪು ಹುಡುಕುವುದಕ್ಕೆ ಏನೂ ಇರಲಿಲ್ಲ. ಆದರೆ ಅಕ್ಕನ ಪಾಲಿಗೆ ಗಿರಣಿ ಉಳಿದು, ಅದರ ಮುಂದೆ ನಿಲ್ಲುವ ಜಾಗ ಹೋಗಿತ್ತು. ಸಾಬಿರಾಳಿಗೆ ಯಂತ್ರ ಇಟ್ಟರೆ ಸ್ಟೂಲು ಹಾಕಲು ಸ್ಥಳವಿರಲಿಲ್ಲ.

ನಾನು ಆ ವಾರವೇ ಹೋಗಿ, "ಶಿಗ್ಗಾಂವಿಗೆ ಬಂದುಬಿಡು, ಹೆದ್ದಾರಿ ಹತ್ರ ದೊಡ್ಡ ಅಂಗಡಿ ಸಿಗ್ತಾವ" ಎಂದೆ.

"ಅಲ್ಲಿ ನನ್ನ ಗುರ್ತು ಯಾರಿಗೈತಿ ತಮ್ಮಾ?" ಎಂದಳು ಅಕ್ಕ. "ಇಲ್ಲಿ ಡಬ್ಬಿ ನೋಡಿದ್ರ ಯಾರ ಮನೀದಂತ ಹೇಳ್ತೇನಿ. ಹಿಟ್ಟು ಸಣ್ಣ ಬೇಕೋ ದಪ್ಪ ಬೇಕೋ ಅಂತ ಕೇಳೂದ ಇಲ್ಲ."

ಉಪಾಯ ಹೇಳಿದವಳು ಸಾಬಿರಾ. "ಗಂಗಕ್ಕಾ, ನಿಮ್ಮದು ಅರ್ಧ ಉಳದೈತಿ, ನಮ್ಮದೂ ಅರ್ಧ ಉಳದೈತಿ. ನಡುವಿನ ಗ್ವಾಡಿ ತೆಗದ್ರ ಒಂದು ಪೂರಾ ಅಂಗಡಿ ಆಕ್ಕೈತಿ ನೋಡ್ರಿ."

ಅಕ್ಕ ಒಪ್ಪಲಿಲ್ಲ. ಹಿಟ್ಟಿನ ಧೂಳು ಬಟ್ಟೆಯ ಮೇಲೆ ಕೂರುತ್ತದೆ, ಯಾರದೋ ರೇಷ್ಮೆ ಕುಪ್ಪಸ ಬೆಳ್ಳಗಾದರೆ ಬೈಗುಳ ಸಾಬಿರಾಳಿಗೆ ಎಂಬುದು ಅವಳ ಚಿಂತೆ. ನಮ್ಮ ಭಾವನದು ಬೇರೆಯೇ ಚಿಂತೆ: "ನಾಳೆ ಮಕ್ಕಳಿಗೆ ಯಾವುದು ಯಾರದಂತ ಹೆಂಗ ತಿಳೀಬೇಕು?" ಹೀಗೆ ಮಾತು ನಿಂತೇ ಹೋಯಿತು, ಗಿರಣಿಯೂ ನಿಂತಿತ್ತು.

ಒಂದು ಮುಂಜಾನೆ ಅಕ್ಕ ಮುಚ್ಚಿದ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದಾಗ, ವರ್ಷಾನುಗಟ್ಟಲೆ ಅವಳ ಬಳಿಯೇ ಬೀಸಿಸಿಕೊಂಡಿದ್ದ ಹಿರಿಯ ಹೆಂಗಸೊಬ್ಬಳು ಎದುರಿನಿಂದ ಬಂದು, ಕೈಯಲ್ಲಿದ್ದ, ಅಂಗಡಿಯಿಂದ ಕೊಂಡ ಹಿಟ್ಟಿನ ಪಾಕೀಟನ್ನು ಸೆರಗಿನೊಳಗೆ ಸರಿಸಿ, ಕುಶಲ ಕೇಳಿ ಮುಂದೆ ಹೋದಳು. ಮುಚ್ಚಿಡದೆ ಹೋಗಿದ್ದರೆ ಅಷ್ಟು ನೋಯುತ್ತಿರಲಿಲ್ಲ ಎಂದು ಅಕ್ಕ ಆಮೇಲೆ ನನಗೆ ಹೇಳಿದಳು. ಪೊರಕೆ ಮೂಲೆಗಿಟ್ಟು ನೇರ ಸಾಬಿರಾಳ ಮನೆಗೆ ನಡೆದು, "ಗೌಂಡಿಗೆ ಹೇಳವಾ" ಎಂದಳಂತೆ.

ಭಾವನ ಪ್ರಶ್ನೆಗೆ ಸಾಬಿರಾಳೇ ಉತ್ತರ ಕಂಡುಹಿಡಿದಳು. ಗೋಡೆಯನ್ನು ಪೂರ್ತಿ ತೆಗೆದರೂ ನೆಲದಲ್ಲಿ ಒಂದು ಸಾಲು ಕಲ್ಲು ಹಾಗೆಯೇ ಉಳಿಯಲಿ, ಗಡಿ ಅದರಲ್ಲಿ ಕಾಣುತ್ತದೆ ಎಂದಳು. ಗೌಂಡಿ ಅಡ್ಡ ತೊಲೆ ಕೊಟ್ಟು, ಒಂದು ಮೊಳ ದಪ್ಪದ ಆ ಹಳೆಯ ಮಣ್ಣುಗೋಡೆಯನ್ನು ಇಳಿಸಿದ. ಅಷ್ಟು ವರ್ಷ ಎರಡೂ ಅಂಗಡಿಗಳ ಜಾಗ ತಿಂದುಕೊಂಡು ನಿಂತದ್ದು ಅದೇ ಗೋಡೆ ಎಂದು ಆಗ ಎಲ್ಲರಿಗೂ ಕಂಡಿತು. ಸಾಬಿರಾ ದಪ್ಪ ಖಾದಿ ಬಟ್ಟೆಯ ಪರದೆ ಹೊಲಿದು ಗಿರಣಿಯ ಸುತ್ತ ಇಳಿಬಿಟ್ಟಳು, ಹಿಟ್ಟು ಬೀಳುವ ಬಾಯಿಗೆ ಉದ್ದನೆಯ ಹೊಸ ತೋಳು ಹೊಲಿದು ಕಟ್ಟಿದಳು. ಧೂಳು ಪೂರ್ತಿ ನಿಲ್ಲಲಿಲ್ಲ, ಆದರೆ ಸಾಕಷ್ಟು ನಿಂತಿತು. ಮುಂಜಾನೆ ಗಿರಣಿ, ಮಧ್ಯಾಹ್ನದ ಮೇಲೆ ಹೊಲಿಗೆ ಎಂದು ಮೊದಲು ಕರಾರಾಗಿತ್ತು. ಬರಬರುತ್ತ ಅದು ತಾನಾಗಿಯೇ ಸಡಿಲವಾಯಿತು.

ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾದೀತು. ಪಾಕೀಟು ಹಿಟ್ಟಿಗೆ ಹೋದವರಲ್ಲಿ ಕೆಲವರು ಮರಳಲಿಲ್ಲ; ಆ ಹಿರಿಯ ಹೆಂಗಸೂ ಮರಳಲಿಲ್ಲ. ದೊಡ್ಡ ನಗರ ಪೆಟ್ಟು ತಿಂದರೆ ಹೊರಗಿನಿಂದ ನೆರವು ಬರುತ್ತದೆ, ಹಳ್ಳಿ ತನ್ನ ಹೊಲದ ಕಡೆ ತಿರುಗಬಹುದು. ನಮ್ಮಂಥ ಊರಿಗೆ ಎರಡೂ ಇಲ್ಲದಿರುವಾಗ ಅದು ಪಕ್ಕದ ಮನೆಯ ಕಡೆ ನೋಡುತ್ತದೆ. ಪಕ್ಕದ ಮನೆಯವರ ಹೆಸರು ಗೊತ್ತಿರುವಷ್ಟು ಚಿಕ್ಕದಾಗಿ ಉಳಿದಿರುವುದೇ ಅದರ ಆಸ್ತಿ ಎಂದು ಈಗ ನನಗೆ ತೋರುತ್ತದೆ.

ಹೋದ ತಿಂಗಳು ನಾನು ಅಲ್ಲಿ ಕುಳಿತಿದ್ದಾಗ ಬೀಸುವ ನಟ್ಟನಡುವೆಯೇ ಕರೆಂಟು ಹೋಯಿತು. ಹಿಂದೆಲ್ಲ ಹಾಗಾದರೆ ಹೆಂಗಸರು ಡಬ್ಬಿ ಬಿಟ್ಟು ಮನೆಗೆ ನಡೆಯುತ್ತಿದ್ದರು, ಅಕ್ಕ ಬಾಗಿಲಲ್ಲಿ ನಿಂತು ತಂತಿ ನೋಡುತ್ತಿದ್ದಳು. ಈ ಸಲ ಯಾರೂ ಏಳಲಿಲ್ಲ. ಸಾಬಿರಾಳ ಕಾಲುಯಂತ್ರ ತನ್ನ ಪಾಡಿಗೆ ಓಡುತ್ತಿತ್ತು. "ಕುಂದ್ರಿ ಯಕ್ಕಾ, ಅಳತಿ ಕೊಟ್ಟು ಹೋಗ್ರಿ" ಎಂದು ಅವಳು ಒಬ್ಬಳ ಭುಜಕ್ಕೆ ಟೇಪು ಹಿಡಿದಳು. ಅಕ್ಕ ಕಲ್ಲಿನ ಸಾಲು ದಾಟಿ ಹೋಗಿ, ಹೊಲಿದಿಟ್ಟ ಕುಪ್ಪಸವೊಂದನ್ನು ತೊಡೆಯ ಮೇಲೆ ಹರವಿಕೊಂಡು ಹುಕ್ಕು ಹಚ್ಚುತ್ತ ಕುಳಿತಳು.

ಸ್ವಲ್ಪ ಹೊತ್ತಿಗೆ ಬಲ್ಬು ಹೊತ್ತಿತು. ಹೆಂಗಸರು ಅಕ್ಕನ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ.

"ತಡೀರವಾ," ಎಂದಳು, "ಇದೊಂದು ಹುಕ್ಕು ಮುಗಿಸಿ ಬರ್ತೇನಿ."