ಮೂಕಮ್ಮನ ಹಕ್ಕಲು

ಮೂಕಮ್ಮ ಕಳ್ಳಿ ಅಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಹೋದ ವರ್ಷದ ಶೇಂಗಾ ಸುಗ್ಗಿಯಲ್ಲಿ ಆ ಮಾತು ಆಡಿದವರು ಇವತ್ತಿನವರೆಗೂ ಅದನ್ನು ವಾಪಸ್ ತೆಗೆದುಕೊಂಡಿಲ್ಲ.

ನಮ್ಮ ಬಿಳಿಚೋಡಿನ ಪ್ರಾರ್ಥನಾ ಮಂದಿರದಲ್ಲಿ ಗೋಡೆಗೆ ಒರಗಿ ಮೂರನೇ ಸಾಲಿನಲ್ಲಿ ಕೂರುವವಳೇ ಮೂಕಮ್ಮ. ವಯಸ್ಸು ಅರವತ್ತೆರಡು. ಗಂಡ ತೀರಿ ಹದಿನಾಲ್ಕು ವರ್ಷವಾಯಿತು. ಮನೆಯಲ್ಲಿ ಕಣ್ಣು ಕಾಣದ ಅತ್ತೆ ಇದ್ದಾರೆ, ತೊಂಬತ್ತು ದಾಟಿದವರು. ಅವರಿಗೆ ಹಲ್ಲಿಲ್ಲ. ಜೋಳದ ಅಂಬಲಿಗೆ ಶೇಂಗಾ ಪುಡಿ ಕಲಸಿ ಕೊಟ್ಟರೆ ಮಾತ್ರ ಉಣ್ಣುತ್ತಾರೆ. ಮೂಕಮ್ಮನಿಗೆ ಹೊಲವಿಲ್ಲ. ವರ್ಷದ ಎಣ್ಣೆ, ಪುಡಿ ಎಲ್ಲವೂ ಹಕ್ಕಲಿನಿಂದಲೇ ಬರಬೇಕು.

ಹಕ್ಕಲು ಎಂದರೆ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕಾಳು. ಶೇಂಗಾ ಗಿಡ ಕಿತ್ತಾಗ ನೆಲ ಒಣಗಿದ್ದರೆ ಒಂದಷ್ಟು ಕಾಯಿ ಮಣ್ಣಿನಲ್ಲೇ ತುಂಡಾಗಿ ಉಳಿಯುತ್ತವೆ. ನಮ್ಮ ಕಡೆ ಹೊಲದ ಬಾಯಿಗೆ ಜಾಲಿಯ ಕೊಂಬೆ ಅಡ್ಡ ಹಾಕಿರುತ್ತಾರೆ. ಒಡೆಯ ಅದನ್ನು ಎಳೆದು ಬದುವಿಗೆ ಹಾಕಿದರೆ, ಇನ್ನು ಯಾರು ಬೇಕಾದರೂ ಬಂದು ಆಯಬಹುದು ಎಂದು ಅರ್ಥ. ಅದನ್ನು ಬಾಯಲ್ಲಿ ಹೇಳುವ ಪದ್ಧತಿಯೂ ಇಲ್ಲ. ಮೂಕಮ್ಮ ಕುರುಪಿ ಹಿಡಿದು ಸಾಲು ಬಿಡದೆ ಕೆದಕುತ್ತಾಳೆ, ಕೆದಕಿದ ಗುಣಿಯನ್ನು ಅಂಗೈಯಿಂದ ಮುಚ್ಚಿಯೇ ಮುಂದಕ್ಕೆ ಜರುಗುತ್ತಾಳೆ. ಉಳಿದ ಹೆಂಗಸರು ಹಾಗೆ ಮಾಡುವುದಿಲ್ಲ. ನಾನೂ ಮಾಡಿದವಳಲ್ಲ.

ಪ್ರವೀಣ್ ಕುಮಾರ್‌ಗೆ ನಾಲ್ಕೆಕರೆ ಶೇಂಗಾ. ಭಾನುವಾರ ಪ್ರಾರ್ಥನೆ ಆದಮೇಲೆ ಅರ್ಧ ಗಂಟೆ, ಬೈಬಲಿನ ಒಂದು ಭಾಗ ಓದಿ ದಿನದ ಬಾಳಿಗೆ ಅದರಿಂದ ಏನು ಕಲಿಯಬೇಕು ಎಂದು ಹೇಳಿಕೊಡುವವರೂ ಅವರೇ. ಒಳ್ಳೆಯ ಗಂಟಲು. ಇಸ್ತ್ರಿ ಅಂಗಿ.

ಆ ಸೋಮವಾರ ಅವರೇ ಕೈಯಾರೆ ಜಾಲಿ ಎಳೆದು ಬದುವಿಗೆ ಹಾಕಿದರು. ಮೂಕಮ್ಮ ನಾಲ್ಕು ದಿನ ಕೆದಕಿದಳು. ಅವಳ ಚೀಲದ ಹೊಟ್ಟೆಗೆ ನೀಲಿ ಸೀರೆಯ ತೇಪೆ ಇದೆ. ಗುರುವಾರ ಸಂಜೆಗೆ ಕಾಯಿ ಆ ತೇಪೆಯ ಮೇಲಂಚಿಗೆ ಬಂದಿತ್ತು. ಆಗ ಪ್ರವೀಣ್ ಕುಮಾರ್ ಬೈಕ್ ನಿಲ್ಲಿಸಿ ಇಳಿದರು. ಹೊಲದಲ್ಲಿ ಇನ್ನೂ ನಾಲ್ಕು ಜನ ಹೆಂಗಸರಿದ್ದರು.

"ಇಷ್ಟು ಎಲ್ಲಿಂದ ಬಂತು?"

"ಹಕ್ಕಲು ಕಣಪ್ಪ."

"ಹಕ್ಕಲು ಯಾರಿಗಾದ್ರೂ ಇಷ್ಟು ಸಿಗ್ತೈತಾ? ಕಣದಾಗಿನ ರಾಶಿಗೆ ಕೈ ಹಾಕಿದ್ದೀಯ. ಸಭೆಗೆ ಬರೋಳು ನೀನು, ಕಳ್ಳತನ ಮಾಡಾಕೆ ನಾಚಿಕೆ ಆಗಲ್ವಾ?"

ಚೀಲ ಬೈಕಿಗೆ ಹಾಕಿಕೊಂಡು ಹೋಗಿ ತಮ್ಮ ಮನೆಯಂಗಳದ ಕಣದಲ್ಲಿದ್ದ ರಾಶಿಗೆ ಸುರಿದರು. ಖಾಲಿ ಚೀಲ ಅಲ್ಲೇ ಬಿಸಾಕಿದರು. ಹಿಂದೆಯೇ ನಡೆದು ಹೋದ ಮೂಕಮ್ಮ ಅದನ್ನು ಕೊಡವಿ, ನಾಲ್ಕು ಮಡಿಕೆ ಮಡಿಚಿ ನೇರ ನನ್ನ ಮನೆಗೆ ಬಂದಳು.

"ಅಕ್ಕಾ, ಕಳ್ಳಿ ಅಂದ್ರು" ಎಂದಳು. ನೀರು ಕೊಟ್ಟೆ, ಕುಡಿಯಲಿಲ್ಲ.

ನನಗೆ ಓದಲು ಬಂದಿದ್ದು ಐವತ್ತು ದಾಟಿದ ಮೇಲೆ, ಸಾಕ್ಷರತೆಯ ಕ್ಲಾಸಿನಲ್ಲಿ. ಈಗಲೂ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ. ಬೇಗ ಓದುವವರಿಗೆ ಬೇಕಾದದ್ದು ಮಾತ್ರ ಕಾಣುತ್ತದೆ. ನನಗೆ ಹಾಗೆ ಹಾರಿ ಹೋಗಲು ಬರುವುದಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಕೂತು, ಬೈಬಲಿನಲ್ಲಿ ಹಕ್ಕಲು ಎಂಬ ಮಾತು ಬರುವ ಕಡೆಯೆಲ್ಲ ಹುಡುಕಿ ಓದಿದೆ. ಪುಟಕ್ಕೆ ಒಂದೊಂದು ಬೆಂಕಿಕಡ್ಡಿ ಇಟ್ಟೆ.

ಭಾನುವಾರ ಪ್ರವೀಣ್ ಕುಮಾರ್ ತೆಗೆದ ಭಾಗ ಯಾವುದು ಗೊತ್ತೇ? ರೂತಳದು. ಗಂಡ ಸತ್ತ ರೂತಳು ಅತ್ತೆಯನ್ನು ಸಾಕಲು ಬೋವಜನ ಹೊಲದಲ್ಲಿ ಹಕ್ಕಲು ಆಯ್ದ ಕಥೆ. ನನ್ನ ಕಿವಿ ಬಿಸಿಯಾಯಿತು. ಮೂರನೇ ಸಾಲಿನಲ್ಲಿ ಮೂಕಮ್ಮ ಸೆರಗು ಬಿಗಿಯಾಗಿ ಹಿಡಿದಿದ್ದಳು.

"ಇದರಿಂದ ನಮಗೇನು ಪಾಠ?" ಎಂದರು ಪ್ರವೀಣ್ ಕುಮಾರ್. "ರೂತಳು ಗೊಣಗಲಿಲ್ಲ. ಸಿಕ್ಕಿದ್ದರಾಗೆ ತೃಪ್ತಿಪಟ್ಟಳು. ನಮ್ಮ ಹೆಣ್ಣುಮಕ್ಕಳು ಹಿಂಗಿರಬೇಕು."

ನಾನು ಎದ್ದು ನಿಂತೆ. "ಅಷ್ಟಕ್ಕೇ ನಿಲ್ಲಿಸಬ್ಯಾಡಪ್ಪ, ಮುಂದಕ್ಕೆ ಓದು."

"ಸಮಯ ಆಗೈತೆ ರುದ್ರಾಣಮ್ಮ."

"ನನಗೆ ಎಪ್ಪತ್ತಾರು ಆಗೈತೆ. ನಾನೇ ನಿಂತಿದ್ದೀನಿ, ನಿನಗೇನು ಅವಸರ?"

ಹಿಂದೆ ಯಾರೋ ನಕ್ಕರು. ಹಿರಿಯರಾದ ಓಂಕಾರಪ್ಪ, "ಓದ್ಲಿ ಬಿಡ್ರಿ" ಎಂದರು. ನಾನು ಬೆಂಕಿಕಡ್ಡಿಯ ಪುಟ ತೆರೆದು ಬೆರಳಿಟ್ಟು ಓದಿದೆ. ಬಹಳ ಹೊತ್ತು ಹಿಡಿಯಿತು. ಜನ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ. ಓದಿ ಮುಗಿಸಿ ಹೇಳಿದೆ:

"ಕೇಳಿದ್ರಾ? ಆ ಹೆಂಗಸನ್ನ ಗದರಬ್ಯಾಡ್ರಿ, ತೆನೆ ಕಟ್ಟಿನಾಗಿಂದ ಬೇಕಂತ್ಲೇ ಒಂದಿಷ್ಟು ಉದುರಿಸ್ರಿ ಅಂತ ಬೋವಜ ಆಳುಗಳಿಗೆ ಹೇಳವ್ನೆ. ಯಾಜಕಕಾಂಡದಾಗೆ, ಹಕ್ಕಲು ಬಡವರಿಗೆ ಬಿಡು ಅಂತ ಐತೆ. ಅದು ಯಾರಿಗೆ ಹೇಳಿದ್ದು? ಆಯೋರಿಗಲ್ಲ. ಹೊಲ ಇರೋರಿಗೆ. ನಿನಗೆ. ನಿನಗೆ ಹೇಳಿದ ಪಾಠ ಮುಚ್ಚಿಟ್ಟು, ಮೂಕಮ್ಮಗೆ ಯಾಕೆ ಒಪ್ಪಿಸ್ತೀಯ?"

ಪ್ರವೀಣ್ ಕುಮಾರ್ ಮುಖ ಕೆಂಪಾಯಿತು. "ಅದು ಆ ಕಾಲದ ಕಟ್ಟಳೆ ಕಣಮ್ಮ. ನಾವು ಅದರ ಒಳಗಿನ ಭಾವ ತಗೋಬೇಕು."

"ನೀನು ಭಾವ ಎಲ್ಲಿ ತಗಂಡೆ? ಶೇಂಗಾ ತಗಂಡೆ."

ಈ ಸಲ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

"ಹಕ್ಕಲಿಗೆ ನಾನು ಬೇಡ ಅಂದಿಲ್ಲ" ಎಂದರು ಅವರು. "ಕಣದಾಗಿಂದ ತುಂಬಿದ್ದಕ್ಕೆ ಕೇಳಿದ್ದು."

ಆಗ ಮೂಕಮ್ಮ ಎದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಮಂದಿರದಲ್ಲಿ ಬಾಯಿ ತೆರೆದದ್ದು ಅದೇ ಮೊದಲು. "ನನ್ನ ಶೇಂಗಾ ನಾನು ಆರಿಸ್ಕೊಂತೀನಿ."

"ರಾಶಿಯಾಗೆ ಬೆರೆತು ಹೋಗೈತಲ್ಲ, ಹೆಂಗೆ ಗುರುತು ಹಿಡೀತೀಯ?"

"ಬರ್ರಿ, ತೋರಿಸ್ತೀನಿ."

ಮಂದಿರದಿಂದ ನೇರ ಅವರ ಅಂಗಳಕ್ಕೆ ಹೋದೆವು. ಮೂಕಮ್ಮ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಕಾಯಿ ಎತ್ತಿ ಓಂಕಾರಪ್ಪನವರ ಅಂಗೈಗೆ ಇಟ್ಟಳು. ಗಿಡದಿಂದ ಬಿಡಿಸಿದ ಕಾಯಿಗೆ ತುದಿಯಲ್ಲಿ ಎಳೆಯಂಥ ಬಾಲ ಉಳಿದಿರುತ್ತದೆ, ವಾರ ಬಿಸಿಲು ಉಂಡು ಬೆಳ್ಳಗಾಗಿರುತ್ತದೆ. ಹಕ್ಕಲಿನ ಕಾಯಿಗೆ ಬಾಲವಿಲ್ಲ, ಮಣ್ಣಲ್ಲೇ ಕಳಚಿಕೊಂಡಿರುತ್ತದೆ. ಗೆರೆಗಳಲ್ಲಿ ಕೆಂಪು ಮಣ್ಣು ಕಚ್ಚಿರುತ್ತದೆ, ಬಣ್ಣವೂ ಕಪ್ಪು.

"ಕಣದಾಗಿಂದ ಕದ್ದಿದ್ರೆ ಬಾಲ ಇರ್ತಿತ್ತು" ಎಂದಳು ಮೂಕಮ್ಮ. "ನೀವು ಸುರಿದ ನನ್ನ ಚೀಲದ್ದು ಮೇಲೇ ಐತೆ, ನೋಡ್ರಿ."

ರಾಶಿಯ ಒಂದು ಮಗ್ಗುಲು ಕಪ್ಪಗೆ ಕಾಣುತ್ತಿತ್ತು. ಕುರುಡರಿಗೂ ಗೊತ್ತಾಗುವಂತಿತ್ತು. ನಾಲ್ಕೆಕರೆಯ ಒಡೆಯನಿಗೆ ತನ್ನ ಹೊಲದ ಕಾಯಿ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಕೀಳುವವರು ಆಳು, ಬಿಡಿಸುವವರು ಆಳು. ಬಗ್ಗಿ ನೋಡಿದ್ದರೆ ತಾನೆ?

ಪ್ರವೀಣ್ ಕುಮಾರ್ ಒಳಗೆ ಹೋಗಿ ಬಾಯಿವರೆಗೂ ತುಂಬಿದ ಹೊಸ ಚೀಲ ತಂದಿಟ್ಟರು. "ಇದನ್ನ ಒಯ್ದುಬಿಡು. ದಾನ ಅಂದ್ಕೋ."

"ದಾನ ತಗಂಡ್ರೆ, ಕಳ್ಳಿ ಅಂದಿದ್ದು ಹಂಗೇ ಉಳೀತೈತೆ. ನಂದು ನನಗೆ ಸಾಕು."

ಅವಳು ಒಂದೊಂದೇ ಆರಿಸತೊಡಗಿದಳು. ನಾನೂ ಕೂತೆ. ಪ್ರವೀಣ್ ಕುಮಾರ್ ಹೆಂಡತಿ ಕಲ್ಪನಾ ಬಾಗಿಲಲ್ಲಿ ನಿಂತು ನೋಡಿ ನೋಡಿ, ಕೊನೆಗೆ ಬಂದು ಪಕ್ಕದಲ್ಲಿ ಕೂತಳು. "ಕುಂತ್ಕೊಂಡ್ರೆ ಕುಂತ್ಕೋ ತಾಯಿ" ಎಂದಳು ಮೂಕಮ್ಮ, "ಆದ್ರೆ ಬಾಲ ಇರೋದು ಒಂದೂ ನನ್ನ ಚೀಲಕ್ಕೆ ಹಾಕಬ್ಯಾಡ." ಕಲ್ಪನಾ ಅಳುತ್ತಾ ನಕ್ಕಳು.

ಮಧ್ಯಾಹ್ನ ರಾಶಿ ಒಯ್ಯಲು ವ್ಯಾಪಾರಿಯ ಟೆಂಪೋ ಬಂದು ನಿಂತಿತು. ಮೂಕಮ್ಮ ಏಳಲಿಲ್ಲ. ಡ್ರೈವರ್ ಹಾರ್ನ್ ಹೊಡೆದ, ಬೀಡಿ ಸೇದಿದ, ಮತ್ತೆ ಹಾರ್ನ್ ಹೊಡೆದ. ಬಿಸಿಲು ಇಳಿಯುವ ಹೊತ್ತಿಗೆ ಕಾಯಿ ನೀಲಿ ತೇಪೆಯ ಮೇಲಂಚಿಗೆ ಬಂದಿತು. ಅಲ್ಲಿಗೆ ನಿಲ್ಲಿಸಿದಳು. ಇನ್ನೂ ಮೂರು ಬಾಲವಿಲ್ಲದ ಕಾಯಿ ಕೈಯಲ್ಲಿದ್ದವು, ಅವನ್ನು ರಾಶಿಗೇ ಹಾಕಿದಳು.

"ಆಯ್ತಲ್ಲ" ಎಂದರು ಪ್ರವೀಣ್ ಕುಮಾರ್. "ಇನ್ನು ಮನಸ್ಸಿನಾಗೆ ಇಟ್ಕಬ್ಯಾಡ. ಕ್ಷಮಿಸಬೇಕು ಅಂತ ವಾಕ್ಯದಾಗೆ ಐತೆ."

ಮತ್ತೆ ಅದೇ! ತಪ್ಪು ಅವರದು, ಪಾಠ ಇವಳಿಗೆ. ಬಲಿಪೀಠಕ್ಕೆ ಕಾಣಿಕೆ ತಂದವನಿಗೆ, ನಿನ್ನ ಮೇಲೆ ಯಾರಿಗಾದರೂ ದೂರಿದ್ದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೋ ಎಂದೂ ಬರೆದಿದೆ. ಅಲ್ಲೂ ನಾನು ಬೆಂಕಿಕಡ್ಡಿ ಇಟ್ಟಿದ್ದೇನೆ. ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ನಾನು ಬಾಯಿ ತೆರೆಯುವ ಮೊದಲೇ ಮೂಕಮ್ಮ ಹೇಳಿದಳು:

"ಆ ಮಾತು ನೀವು ಹೊಲದಾಗೆ ನಾಕು ಜನರ ಮುಂದೆ ಆಡಿದ್ರಿ. ಅದೇ ಹೊಲದಾಗೆ, ಅದೇ ನಾಕು ಜನರ ಮುಂದೆ ವಾಪಸ್ ತಗೊಳ್ರಿ. ಆಮ್ಯಾಲೆ ಕ್ಷಮಿಸಾಕೆ ನಾನು ತಯಾರಿದ್ದೀನಿ."

ಚೀಲ ತಲೆಯ ಮೇಲಿಟ್ಟುಕೊಂಡು ಹೋದಳು.

ಒಂದು ವರ್ಷವಾಯಿತು. ಅವರು ಹೊಲಕ್ಕೆ ಬಂದು ನಿಂತು ಆ ಮಾತು ಹೇಳಿಲ್ಲ. ಭಾನುವಾರದ ಪಾಠ ಮಾತ್ರ ನಡೆದೇ ಇದೆ. ಮೂಕಮ್ಮ ಅದೇ ಮೂರನೇ ಸಾಲಿನಲ್ಲಿ ಕೂತು ಕೇಳುತ್ತಾಳೆ. ಈ ಸುಗ್ಗಿಗೂ ಅವರು ಜಾಲಿ ಎಳೆದು ಬದುವಿಗೆ ಹಾಕಿದರು. ಮೂಕಮ್ಮ ಕಾಲಿಡಲಿಲ್ಲ. ಎರಡು ಮೈಲಿ ನಡೆದು ಬೀರಲಿಂಗಪ್ಪನ ಹೊಲಕ್ಕೆ ಹೋದಳು. ಅವಳು ಹೋಗದ್ದು ನೋಡಿ ಆ ನಾಲ್ಕು ಜನ ಹೆಂಗಸರೂ ಹೋಗಲಿಲ್ಲ. ಹೋದ ವಾರ ಮಳೆ ಬಂತು. ಪ್ರವೀಣ್ ಕುಮಾರ್ ಹೊಲದಲ್ಲಿ ಯಾರೂ ಆಯದ ಹಕ್ಕಲೆಲ್ಲ ಮೊಳೆತು ಸಾಲುಸಾಲಾಗಿ ಹಸಿರೆದ್ದಿದೆ. ರಸ್ತೆಗೇ ಕಾಣುತ್ತದೆ.