ಕಂಬಳಿಯ ಮೇಲೆ ಕೂತ ಅಣ್ಣ

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ರೇಡಿಯೋ ಇದ್ದದ್ದು ಒಂದೇ, ಅದೂ ಬಸ್ಸು ನಿಲ್ಲುವ ಕಡೆ ಇದ್ದ ಚಹಾದಂಗಡಿಯಲ್ಲಿ. ಕವಿತಾಳದ ಹತ್ತಿರದ ಸಣ್ಣ ಊರು ನಮ್ಮದು. ಕುರಿ ಸಾಕುವ ಮನೆತನ. ಶಾಲೆಗೆ ಹೋದರೂ ನನ್ನ ಅಂಗಿಯಿಂದ ಕುರಿಹಟ್ಟಿಯ ವಾಸನೆ ಹೋಗುತ್ತಿರಲಿಲ್ಲ. ಎಪ್ಪತ್ತೊಂದರ ಚಳಿಗಾಲದಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಹತ್ತಿತು. ರಾಯಚೂರಿನಲ್ಲಿ ಓದಿ ವಾಯುಪಡೆ ಸೇರಿದ್ದ ನನ್ನ ಅಣ್ಣ, ದೂರದ ಉತ್ತರದಲ್ಲೆಲ್ಲೋ ಬಾಂಬ್ ಹಾಕುವ ವಿಮಾನಗಳ ತಂಡದಲ್ಲಿದ್ದ.

ಅಲ್ಲಿ ಅವನ ಕೆಲಸ ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು. ವಿಮಾನಕ್ಕೆ ಪೆಟ್ಟು ಬಿದ್ದರೆ ಒಳಗಿದ್ದವರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಜಿಗಿಯುತ್ತಾರಲ್ಲ, ಆ ಬಟ್ಟೆಯ ಛತ್ರಿಯನ್ನು ಮಡಚಿ ಚೀಲಕ್ಕೆ ತುಂಬುವುದು. ಹಿಂದಿನ ರಜೆಯಲ್ಲಿ ಅವನೇ ಹೇಳಿದ್ದ. ಅಪ್ಪನಿಗೆ ಅದು ರುಚಿಸಿರಲಿಲ್ಲ. ಬಟ್ಟೆ ಮಡಚುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ಅವ್ವನ ಮುಂದೆ ಗೊಣಗಿದ್ದ.

ಒಂದು ಸಂಜೆ ನಮ್ಮ ವಿಮಾನಗಳು ಬಾಂಬ್ ಹಾಕಿ ಬಂದವೆಂದು ರೇಡಿಯೋದಲ್ಲಿ ಸುದ್ದಿ ಬಂತು. ನಿನ್ನ ಮಗನೂ ಹೋಗಿದ್ದನೇನು ಎಂದು ಯಾರೋ ಅಪ್ಪನನ್ನು ಕೇಳಿದರು. ಅಪ್ಪ ಹೂಂ ಅಂದ. ಅಂದದ್ದು ಅಷ್ಟೇ. ಮರುದಿನದಿಂದ ಚಹಾದಂಗಡಿಯ ಬೆಂಚಿನಲ್ಲಿ ಅವನಿಗೆ ಜಾಗ ಬಿಡತೊಡಗಿದರು, ಚಹಾ ಕೇಳದೆಯೇ ಬರತೊಡಗಿತು. ಸುದ್ದಿಗೆ ರೆಕ್ಕೆಪುಕ್ಕ ಬಂದು, ಸಂತೆಗೆ ಹೋದರೆ ಪಕ್ಕದ ಕಲ್ಲೂರಿನವರೂ ಅಣ್ಣನ ಸಾಹಸ ಹೇಳುತ್ತಿದ್ದರು. ನಾನೇನು ಕಡಿಮೆಯೇ? ನಮ್ಮಣ್ಣ ಹೀಗೇ ಹಾರಿದ ಎನ್ನುತ್ತ ಶಾಲೆಯ ಬಯಲಲ್ಲಿ ಎರಡೂ ಕೈ ಚಾಚಿ ಭರ್ರೆಂದು ಓಡುತ್ತಿದ್ದೆ. ಅಕ್ಕನೊಬ್ಬಳೇ, ಅಣ್ಣ ಬಂದ ದಿನ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದಳು. ಅಪ್ಪ ಅವಳನ್ನು ದುರುಗುಟ್ಟಿ ನೋಡುತ್ತಿದ್ದ.

ಆ ದಿನ ಬಂದೇ ಬಂತು. ಯುದ್ಧ ಮುಗಿದಿತ್ತು. ಹೊಲಗಳಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಕಾಲ, ಗಾಳಿಯಲ್ಲೆಲ್ಲ ಅದರ ಸಿಹಿ ಹೊಗೆ. ಬಸ್ಸು ನಿಲ್ಲುತ್ತಲೇ ಡೊಳ್ಳು ಬಡಿದರು. ಕರಿ ಟ್ರಂಕು ಹಿಡಿದು ಇಳಿದ ಅಣ್ಣ ಯಾರದೋ ಮದುವೆ ಎಂದುಕೊಂಡು ಪಕ್ಕಕ್ಕೆ ಸರಿದ! ಚೆಂಡುಹೂವಿನ ಮಾಲೆ ತನ್ನದೇ ಕೊರಳಿಗೆ ಬಿದ್ದಾಗ ಅಪ್ಪನ ಮುಖ ನೋಡಿದ. ಅಪ್ಪ ಡೊಳ್ಳಿನವರ ಕಡೆ ತಿರುಗಿಕೊಂಡ.

ಗುಡಿಯ ಮುಂದೆ ಅಪ್ಪನೇ ಹೊಸ ಕರಿ ಕಂಬಳಿ ಹಾಸಿ, ಅರಿಶಿನದ ಭಂಡಾರ ಚೆಲ್ಲಿ ಅಣ್ಣನನ್ನು ಕೂರಿಸಿದ. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆದರೆ ನ್ಯಾಯ ನಡೆಯುವುದೂ ಕಂಬಳಿಯ ಮೇಲೆಯೇ. ಅದರ ಮೇಲೆ ಕೂತವನು ಸುಳ್ಳಾಡುವಂತಿಲ್ಲ. ಹೆಮ್ಮೆಯ ಅಮಲಿನಲ್ಲಿ ಅಪ್ಪ ಅದನ್ನೇ ಮರೆತಿದ್ದ.

ಊರ ಹಿರಿಯ ಎದುರಿಗೆ ಕೂತು ಕೇಳಿದ. "ಹೇಳಪಾ, ಬಾಂಬ್ ಹಾಕಾಗ ಮ್ಯಾಲಿಂದ ಕೆಳಗ ಹೆಂಗ ಕಾಣ್ತದ?"

ಆಗ ಅಪ್ಪನಿಗೆ ಹೊಳೆಯಿತು. ಅವನ ಮುಖ ಕಪ್ಪಿಟ್ಟಿತು. ನನ್ನ ಶಾಲೆಯ ಹುಡುಗರೆಲ್ಲ ಮುಂದೆಯೇ ಕೂತಿದ್ದರು. ನಾನು ಮೆಲ್ಲಗೆ ಅಕ್ಕನ ಹಿಂದೆ ಸರಿದೆ. ಅಣ್ಣ ಕಂಬಳಿಯನ್ನೊಮ್ಮೆ ಸವರಿದ.

"ನಾ ಹಾರಿಲ್ರೀ ಯಪ್ಪಾ," ಅಂದ. "ವಿಮಾನದಾಗ ಹೋಗವ್ರು ಬ್ಯಾರೆ ಅದಾರ. ಅವರ ಛತ್ರಿ ಮಡಚಾಂವ ನಾ."

ಹುಡುಗನೊಬ್ಬ ಕಿಸಕ್ಕೆಂದು ನಕ್ಕ. ಹಿರಿಯ ಅವನನ್ನು ಗದರಿ, ಮುಂದೆ ಹೇಳು ಎಂದ. ಅಣ್ಣ ಹೇಳುತ್ತ ಹೋದ. ಬೆಳಕು ಹೊರಗೆ ಕಾಣದಂತೆ ಕಿಟಕಿಗಳಿಗೆಲ್ಲ ಕರಿ ಕಾಗದ ಅಂಟಿಸಿದ ಕೋಣೆ, ಅದರ ಉದ್ದಕ್ಕೂ ಒಂದೇ ಮೇಜು. ಅದರ ಮೇಲೆ ಬಟ್ಟೆ ಹರವಿ, ಹಗ್ಗಗಳನ್ನು ಸಿಕ್ಕಾಗದಂತೆ ಬಿಡಿಸಿ, ಗಾಳಿ ಒತ್ತಿ ತೆಗೆದು ಮಡಚಬೇಕು. ಒಂದು ಮಡಿಕೆ ತಪ್ಪಿದರೆ ಛತ್ರಿ ಬಿಚ್ಚಿಕೊಳ್ಳುವುದಿಲ್ಲ. ಬಾಂಬ್ ಏರಿಸುವವರು ಬೇರೆ, ಎಣ್ಣೆ ತುಂಬುವವರು ಬೇರೆ. ಸೈರನ್ ಕೂಗಿದರೆ ಎಲ್ಲರೂ ಕಂದಕದಲ್ಲಿ ಬೀಳಬೇಕು. ಹೋದ ವಿಮಾನಗಳು ತಿರುಗಿ ಬರುವ ಹೊತ್ತಿಗೆ ಊಟ ಮಾಡುವವರೂ ಎದ್ದು ಬಂದು ಆಕಾಶ ನೋಡುತ್ತಿದ್ದರಂತೆ.

"ಒಂದು ವಿಮಾನ ಬರಲೇ ಇಲ್ಲ," ಅಂದ ಅಣ್ಣ. "ಅದರಾಗಿದ್ದ ಇಬ್ಬರ ಛತ್ರೀನೂ ನಾನೇ ಮಡಚಿದ್ದೆ. ತೆರೀತೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ನನಗ ಮಾಲಿ ಬ್ಯಾಡ್ರೀ."

ಅವನು ಮಾಲೆ ತೆಗೆದು ಮಡಿಲಲ್ಲಿಟ್ಟುಕೊಂಡ. ಆಗ ಅಪ್ಪ ಚಪ್ಪಲಿ ಬಿಟ್ಟು ಮುಂದೆ ಬಂದು, ಕಂಬಳಿಯ ಆಚೆ ಬರಿ ಮಣ್ಣಿನಲ್ಲಿ ನಿಂತ. ಸುಳ್ಳು ಹೇಳಿದವನು ತಾನು, ಮಗನದೇನೂ ತಪ್ಪಿಲ್ಲ ಎಂದ. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಅಪ್ಪನ ಬೋಳುತಲೆಯನ್ನು ಊರವರ ನಡುವೆ ನಾನು ಅದೇ ಮೊದಲ ಸಲ ನೋಡಿದ್ದು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನನ್ನೂ ಯಾರಾದರೂ ಕೇಳುತ್ತಾರೆಂದು ಕಾದೆ. ಯಾರೂ ಕೇಳಲಿಲ್ಲ.

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಮಾಡಿಸಿದ್ದ ಹುಗ್ಗಿ ಹಂಡೆಯಲ್ಲೇ ಆರಿತು. ಅಣ್ಣ ಎದ್ದು ಕಂಬಳಿ ಕೊಡವಿ ಮಡಚತೊಡಗಿದ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಸುಕ್ಕು ತೀಡಿ, ಪ್ರತಿ ಮಡಿಕೆಯನ್ನೂ ಮೊಣಕೈ ಊರಿ ಒತ್ತುತ್ತಿದ್ದ. ಒಂದು ಕಡೆ ಅಂಚು ಓರೆಯಾಯಿತೆಂದು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದ. ಅಪ್ಪ ನಿಂತು ನೋಡಿದ. ಕೊನೆಯ ಮಡಿಕೆ ಬಿದ್ದಾಗ ಹೇಳಿದ.

"ಹಿಂಗ ಮಡಚಿದ ಛತ್ರಿ ಬಿಚ್ಚಿಕೊಂಡಿರ್ತದ ತಗೋ, ಮಗನ."

ಅಣ್ಣ ಮುಖ ಮುಚ್ಚಿಕೊಂಡು ಅತ್ತ.

ನಿಮ್ಮ ಕಾಲ ಬೇರೆ, ಮಕ್ಕಳೇ. ನಿಮ್ಮ ಫೋನಿನ ಆಟದಲ್ಲಿ ವಿಮಾನ ಬಿದ್ದರೆ ಗುಂಡಿ ಒತ್ತಿದೊಡನೆ ಹೊಸದು ಬರುತ್ತದೆ, ಅದರೊಳಗೆ ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ. ಆಡಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಮೊನ್ನೆ ನೀವು ಗೆಳೆಯರನ್ನು ಕರೆತಂದು, ನಮ್ಮ ದೊಡ್ಡ ತಾತ ಯುದ್ಧದಲ್ಲಿ ಬಾಂಬ್ ಹಾಕಿದವರು ಎಂದು ಗೋಡೆಯ ಮೇಲಿನ ಪಟ ತೋರಿಸಿದಿರಿ. ಆ ಹುಡುಗರು ಬಾಯಿ ತೆರೆದು ಪಟ ನೋಡಿದರು, ಆಮೇಲೆ ನಿಜವೇ ಎಂಬಂತೆ ನನ್ನನ್ನೂ ನೋಡಿದರು. ನಾನು ಅಲ್ಲೇ ಕೂತಿದ್ದೆ. ಈ ವಯಸ್ಸಿನಲ್ಲೂ, ಹೂಂ ಅಂದೆ.