ಬೀಡಿ ಬ್ರಾಂಚಿನ ಪತ್ತೇದಾರ

ಜಾಲ್ಸೂರಿನ ಬೀಡಿ ಬ್ರಾಂಚಿನಲ್ಲಿ ಸರ್ವೋತ್ತಮ ರೈಗೆ ಇದ್ದ ಕೆಲಸ ಒಂದೇ. ನಾವು ಹೆಂಗಸರು ಕಟ್ಟಿ ತಂದ ಬೀಡಿಯನ್ನು ಕಟ್ಟು ಕಟ್ಟಾಗಿ ಹಿಡಿದು ಒತ್ತಿ ನೋಡುವುದು, ಸಡಿಲವಾದದ್ದನ್ನು ಬದಿಗೆ ಎಸೆಯುವುದು. ಅದನ್ನೂ ಅವನು ಬರೀ ಕೈಯಿಂದ ಮಾಡುತ್ತಿದ್ದ. ತಲೆ ಪೂರ್ತಿ ವಾರಪತ್ರಿಕೆಯ ಧಾರಾವಾಹಿಯೊಳಗೆ ಇರುತ್ತಿತ್ತು. ನಾನು ಚೆನ್ನು, ಅವನ ಮನೆಯಿಂದ ಎರಡು ಗದ್ದೆ ಆಚೆಯವಳು. ಎಂಟು ವರ್ಷ ಅವನ ಮೇಜಿನೆದುರು ಬೀಡಿ ಹಿಡಿದು ನಿಂತಿದ್ದೇನೆ. ಅವನ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಹರಕೆಯೇನೂ ನನಗಿಲ್ಲ.

ಎಪ್ಪತ್ತೆಂಟರಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಕಾಫಿ ತೋಟದ ಬಂಗಲೆಗೆ ಒಬ್ಬ ಡಾಕ್ಟರ್ ಬರುತ್ತಾನೆ. ಅಲ್ಲಿ ಹತ್ತು ವರ್ಷದ ಹಿಂದೆ ಸತ್ತ ಮಾಲಿನಿ ಎಂಬವಳು ಹುಣ್ಣಿಮೆಗೊಮ್ಮೆ ಬಿಳಿ ಸೀರೆ ಉಟ್ಟು ವೀಣೆ ಬಾರಿಸುತ್ತಾಳೆ. ಇಬ್ಬರಿಗೂ ಪ್ರೇಮ. ಸತ್ತವಳಿಗೆ ಆ ಬಿಳಿ ಸೀರೆಯನ್ನು ಒಗೆದು ಕೊಡುವವರು ಯಾರು ಎಂದು ನಮ್ಮ ಪೈಕಿ ಒಬ್ಬಳೂ ಕೇಳಲಿಲ್ಲ. ಕೇಳಿದರೆ ಬೀಡಿ ಬದಿಗೆ ಬೀಳುತ್ತಿತ್ತು.

ಸರ್ವೋತ್ತಮ ಮೊದಲು, ಅವಳು ಸತ್ತೇ ಇಲ್ಲ ಎಂದ. ನಾಲ್ಕನೇ ವಾರ, ಅವಳಿಗೆ ಅವಳಿ ಅಕ್ಕ ಉಂಟು ಎಂದ. ಒಂಬತ್ತನೇ ವಾರಕ್ಕೆ ಅವನ ಮಹಾ ಶೋಧನೆ ಹೊರಬಿತ್ತು. ಡಾಕ್ಟರೂ ಮಾಲಿನಿಯೂ ಒಡಹುಟ್ಟಿದವರು! ಇಬ್ಬರ ಎಡಕಿವಿಯ ಹಿಂದೆಯೂ ಮಚ್ಚೆ ಇದೆ, ಇಬ್ಬರೂ ಮೊಸರು ತಿನ್ನುವುದಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಮೇಜು ಕುಟ್ಟಿದ. ಪತ್ರಿಕೆಗೆ ಐದು ಕಾಗದ ಬರೆದ. ಒಂದೂ ಅಚ್ಚಾಗಲಿಲ್ಲ. ಗುಟ್ಟು ಮೊದಲೇ ಹೊರಬಿದ್ದೀತೆಂದು ಸಂಪಾದಕರು ಹೆದರಿದ್ದಾರೆ, ಹಾಗಾಗಿ ತನ್ನ ಮಾತೇ ಸರಿ ಎಂದು ಅದನ್ನೂ ಲೆಕ್ಕಕ್ಕೆ ಹಿಡಿದ.

ನಮ್ಮ ಪೈಕಿ ಆಯಿಶಾ ಚುರುಕಿನವಳು. ಪ್ರತಿ ಶುಕ್ರವಾರ, ಇನ್ನು ಮುಂದೆ ಎಂತ ಆಗ್ತದೆ ರೈಗಳೇ ಎಂದು ಕಣ್ಣರಳಿಸಿ ಕೇಳುತ್ತಿದ್ದಳು. ಅವಳ ಬೀಡಿ ಒಣಹುಲ್ಲಿನಷ್ಟು ಹಗುರವಿದ್ದರೂ ಪಾಸು. ಮಚ್ಚೆಯ ವಿಷಯ ಬರೆಯುವವನಿಗೆ ಮರೆತೂ ಹೋಗಿರಬಹುದು ಎಂದು ನಾನು ಒಂದೇ ಒಂದು ಸಲ ಬಾಯಿ ಬಿಟ್ಟೆ. ಆವತ್ತು ನನ್ನ ಎರಡು ಕಟ್ಟು ಬೀಡಿ ಬದಿಗೆ ಬಿತ್ತು.

ಅವನ ತಾಯಿ ಅಮ್ಮುಕ್ಕನಿಗೆ ಬೇರೆಯೇ ಚಿಂತೆಯಿತ್ತು. ಸರ್ವೋತ್ತಮನ ತಂಗಿ ಸೀತು, ನನ್ನ ಓರಗೆಯವಳು, ಆರು ವರ್ಷದವಳಿದ್ದಾಗ ಜ್ವರ ಬಂದು ಸತ್ತಿದ್ದಳು. ನಮ್ಮ ಕಡೆ ಸತ್ತ ಮಕ್ಕಳೂ ಪ್ರಾಯಕ್ಕೆ ಬರುತ್ತಾರೆ. ಮದುವೆಯಾಗದೆ ಹೋದವರ ಕುಲೆಗೆ, ಎಂದರೆ ಪ್ರೇತಕ್ಕೆ, ಬದುಕಿರುವವರು ಮದುವೆಯಾಗದ ಆಟಿ ತಿಂಗಳಲ್ಲಿ, ಮದುವೆ ಮಾಡಿಸಬೇಕು. ಸೀತು ತಲೆ ಕೆದರಿಕೊಂಡು ಬಾವಿಕಟ್ಟೆಯ ಮೇಲೆ ಕೂತಿರುವುದು ಅಮ್ಮುಕ್ಕನಿಗೆ ಕನಸಿನಲ್ಲಿ ಕಾಣುತ್ತಿತ್ತು. ಸರ್ವೋತ್ತಮನಿಗೆ ನೋಡಿದ ಮೂರು ಹೆಣ್ಣೂ ತಪ್ಪಿಹೋಗಿದ್ದವು. ಯಾಕೆಂದು ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದಾಗಲೂ ಸೀತುವಿನ ಹೆಸರೇ ಬಂತು. ತನ್ನ ಕಣ್ಣು ಮುಚ್ಚುವ ಮೊದಲು ಮಗಳನ್ನು ಒಂದು ಮನೆಗೆ ಸೇರಿಸಬೇಕು, ಅಮ್ಮುಕ್ಕನಿಗೆ ಅಷ್ಟೇ ಆಸೆ.

ನೆಟ್ಟಣದ ಕಡೆಯಿಂದ ಸುದ್ದಿ ಬಂತು. ಸೀನ ಎಂಬ ಹುಡುಗ ಏಳು ವರ್ಷದವನಿದ್ದಾಗ ಹೊಳೆಯಲ್ಲಿ ಮುಳುಗಿದ್ದನಂತೆ. ಬದುಕಿದ್ದರೆ ಸೀತುವಿಗೆ ಸರಿಯಾದ ಪ್ರಾಯ. ಹೋಗಿ ವಿಚಾರಿಸಬೇಕಾದವರು ಅಮ್ಮುಕ್ಕನ ತಮ್ಮ ತ್ಯಾಂಪಣ್ಣ. ಅವರು ಜಾರಿ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದರು. ಹಾಗಾಗಿ ನಮ್ಮ ಪತ್ತೇದಾರನೇ ಹೊರಟ. ಕೇಳಬೇಕಾಗಿದ್ದದ್ದು ಒಂದೇ ವಿಷಯ, ಬರಿ. ಅದು ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಒಂದೇ ಬರಿಯವರು ಎಷ್ಟು ದೂರದವರಾದರೂ ಅಣ್ಣ ತಂಗಿ. ಬದುಕಿದವರಿಗೂ ಸತ್ತವರಿಗೂ ಇದು ಒಂದೇ.

"ಬೇರೆ ಎಂತ ಕೇಳದಿದ್ರೂ ಅಡ್ಡಿಲ್ಲ ಮಗ, ಬರಿ ಒಂದು ಕೇಳಿಕೊಂಡು ಬಾ" ಎಂದು ಅಮ್ಮುಕ್ಕ ಬಸ್ಸಿನ ತನಕ ಬಂದು ಹೇಳಿದರು. ನಾನು ಅಲ್ಲೇ ಇದ್ದೆ.

ಅಲ್ಲಿ ಆದದ್ದನ್ನು ಸೀನನ ಸೋದರಮಾವ ಡೊಂಬಯ್ಯ ಆಮೇಲೆ ಹೇಳಿದರು. ಆ ಮನೆಯ ಸೊಸೆ ಧಾರಾವಾಹಿಯ ಹಾಳೆಗಳನ್ನು ಕಿತ್ತು, ದಾರ ಹಾಕಿ ಹೊಲಿದು ಇಟ್ಟಿದ್ದಳಂತೆ. ಸರ್ವೋತ್ತಮನಿಗೆ ತಪ್ಪಿಹೋಗಿದ್ದ ಮೂರನೇ ಕಂತು ಅದರಲ್ಲಿ ಇತ್ತು. ಈ ಮಹಾಶಯ ಜಗಲಿಯಲ್ಲಿ ಕೂತು ಎರಡು ಲೋಟ ಕಾಫಿ ಕುಡಿದು ಓದಿದ. ಮಾಲಿನಿಯ ತಾಯಿ ಯಾವ ಊರಿನವಳು, ಡಾಕ್ಟರನ ತಾಯಿ ಯಾವ ಊರಿನವಳು ಎಂದು ಸೊಸೆಯ ಜೊತೆ ಒಂದು ಗಂಟೆ ಚರ್ಚೆ ಮಾಡಿದ. ಬರಿಯ ವಿಷಯ ಡೊಂಬಯ್ಯನವರೇ ಎತ್ತಿದಾಗ, ಅದೆಲ್ಲ ಅಮ್ಮ ನೋಡಿದ್ದಾರೆ ಎಂದು ತಲೆ ಎತ್ತದೆ ಹೇಳಿದ. ಮನೆಗೆ ಬಂದು, ಬರಿ ಬೇರೆಯೇ ಎಂದ. ಯಾವುದೆಂದು ಅಮ್ಮುಕ್ಕ ಕೇಳಿದರೆ, ಹೆಸರು ಬಾಯಿಗೆ ಬರ್ತಾ ಇಲ್ಲ, ಬೇರೆ ಅಂತ ಗ್ಯಾರಂಟಿ ಎಂದ.

ನಾನೂ ಅಮ್ಮುಕ್ಕನೂ ಸುಳ್ಯಕ್ಕೆ ಹೋಗಿ ಜವಳಿ ತಂದೆವು. ಕೆಂಪು ಸೀರೆ, ಹಸಿರು ಅಂಚು. ಬಳೆ ಅಂಗಡಿಯವನು ಮದುಮಗಳ ಕೈ ಅಳತೆ ಕೇಳಿದ. ಅಮ್ಮುಕ್ಕ ನನ್ನ ಕೈ ಹಿಡಿದು ಅವನ ಮುಂದೆ ಚಾಚಿದರು. ನನಗೆ ಅಳು ಬಂತು.

ಮದುವೆ ಆಟಿಯ ಒಂದು ಗುರುವಾರ ಮಧ್ಯಾಹ್ನದ ಮೇಲೆ. ಕುಲೆಯ ಮದುವೆಯನ್ನು ಮದುವೆಯಾಗದವರು ನೋಡಬಾರದು, ಹಾಗಾಗಿ ಮದುವೆಯಾಗಿದ್ದ ನಾನು ಒಳಗೆ, ಸರ್ವೋತ್ತಮ ಹೊರಗೆ. ಅದು ಧಾರಾವಾಹಿಯ ಕೊನೆಯ ಕಂತು ಬರುವ ದಿನವೂ ಹೌದು. ಮೂರು ಗಂಟೆಯ ಬಸ್ಸಿನಿಂದ ಪತ್ರಿಕೆ ತಂದು ಅವನು ದನದ ಹಟ್ಟಿಯ ಬದಿ ಕೂತ. ಒಳಗೆ ಎರಡು ಮಣೆ ಇಟ್ಟೆವು. ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ನೆಟ್ಟಣದವರು ತಂದ ಪಂಚೆ, ಶಾಲು. ತ್ಯಾಂಪಣ್ಣನನ್ನು ಕುರ್ಚಿಯಲ್ಲೇ ಹೊತ್ತು ತಂದಿದ್ದರು. ಧಾರೆಯ ತಂಬಿಗೆ ಎತ್ತಿ ಅವರು, ಹೆಸರು ಹೇಳಿ ಕರೆಯಬೇಕಲ್ಲ, ಗಂಡಿನ ಬರಿ ಯಾವುದು ಎಂದು ಕೇಳಿದರು.

"ಕುಂದರನ್ನಾಯ" ಎಂದರು ಡೊಂಬಯ್ಯ.

ತ್ಯಾಂಪಣ್ಣನ ಕೈ ಅಲ್ಲೇ ನಿಂತಿತು. "ನಮ್ಮದೂ ಅದೇ ಅಲ್ವಾ ಮಾರಾಯ್ರೆ."

ತಂಬಿಗೆಯ ನೀರು ಹಾಗೇ ಉಳಿಯಿತು. ಡೊಂಬಯ್ಯ ಪಂಚೆ, ಶಾಲು ತೆಗೆದುಕೊಂಡು ಎದೆಗೊತ್ತಿ ಹಿಡಿದರು. ಅಮ್ಮುಕ್ಕ ಮಣೆಯ ಮೇಲಿನ ಸೀರೆಯ ಮೇಲೆ ಕೈಯಿಟ್ಟು ಕೂತಲ್ಲೇ ಇದ್ದರು, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ. ಆಗಲೇ ಅಂಗಳದಲ್ಲಿ ಓಡಿ ಬರುವ ಸದ್ದು ಕೇಳಿತು. ಸರ್ವೋತ್ತಮ ಹೊಸ್ತಿಲಿನಾಚೆ ನಿಂತ. ನೋಡಬಾರದಲ್ಲ, ಹಾಗೆ ನಮಗೆ ಬೆನ್ನು ಹಾಕಿ ಪತ್ರಿಕೆಯನ್ನು ಮಾತ್ರ ಎತ್ತಿ ಹಿಡಿದಿದ್ದ.

"ಅಮ್ಮ, ಚೆನ್ನು, ನಾನು ಹೇಳಿದ್ದೇ ಸರಿ ಆಯ್ತು. ಅವರಿಬ್ಬರು ಅಣ್ಣ ತಂಗಿ."

"ಹೌದು ಮಗ" ಎಂದರು ಅಮ್ಮುಕ್ಕ. "ನಮಗೂ ಈಗ ಗೊತ್ತಾಯ್ತು."

ಅವನು ಹಿಗ್ಗಿ ತಿರುಗಿದ. ನಮ್ಮ ಮುಖ ನೋಡಿದ, ಡೊಂಬಯ್ಯನ ಕೈಯ ಪಂಚೆ ನೋಡಿದ. ಅವನ ತಲೆಗೆ ಅದು ಇಳಿಯಲು ಎಷ್ಟು ಹೊತ್ತು ಬೇಕಾಯಿತು! ಕಿವಿಯ ಹಿಂದಿನ ಮಚ್ಚೆ ಹಿಡಿದು ಹನ್ನೆರಡು ವಾರ ನಮ್ಮ ಜೀವ ತಿಂದವನು.

ಅಮ್ಮುಕ್ಕ ಬಯ್ಯಲಿಲ್ಲ. ಬಳೆಗಳನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ ಒಂದೇ ಮಾತು ಕೇಳಿದರು. "ಆ ಹುಡುಗಿಗೆ ಮಚ್ಚೆ ಎಲ್ಲಿ ಉಂಟು ಅಂತ ನಿಂಗೆ ಗೊತ್ತುಂಟು. ನಮ್ಮ ಸೀತುಗೆ ಎಲ್ಲಿತ್ತು, ಹೇಳು."

ಅವನು ಪತ್ರಿಕೆಯನ್ನು ಸುರುಳಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಆಮೇಲೆ ನನ್ನ ಕಡೆ ನೋಡಿದ. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಇತ್ತು. ಕಲ್ಲಾಟ ಆಡುವಾಗ ದಿನಾ ನೋಡಿದವಳು ನಾನು. ಆದರೂ ಹೇಳಿಕೊಡಲಿಲ್ಲ.